ಬಿಚ್ಚಿ ಕಟ್ಟಿದ ಬೈಕಿಗೆ ಆಶೀರ್ವಾದವೇ?

ಮೋಟಾರ್ ಸೈಕಲ್ಲಿನ ಸದ್ದು ಯುವಕರ ಕಿವಿಗೆ ಸಂಗೀತ. ಹೆತ್ತವರ ಎದೆಗೆ ಸಿಡಿಲು. ನಮ್ಮ ಧರ್ಮಕೇಂದ್ರಗಳ ಅನೇಕ ಮನೆಗಳಲ್ಲಿ ಈ ಎರಡರ ನಡುವೆ ಮೌನ ಕದನವೊಂದು ನಡೆದೇ ಇದೆ. ಹೊಸ ಬೈಕು ಕೊಳ್ಳುವುದಕ್ಕಿಂತ ಹಳೆಯದೊಂದನ್ನು ಹುಡುಕಿ ತಂದು, ತಿರುಪು ತಿರುಪಾಗಿ ಬಿಚ್ಚಿ, ಬೇರೆ ತಯಾರಕರ ಬಿಡಿಭಾಗಗಳನ್ನು ಜೋಡಿಸಿ, ತಮಗೆ ಬೇಕಾದಂತೆ ಮರುರೂಪಿಸುವ ಹವ್ಯಾಸ ಅನೇಕ ತರುಣರಲ್ಲಿ ಬೇರೂರಿದೆ. ಇದನ್ನು ಬರಿಯ ಶೋಕಿಯೆಂದು ತಳ್ಳಿಹಾಕುವುದು ಸುಲಭ. ಆದರೆ ಮಾನವನ ಶ್ರಮ, ಸ್ವಾತಂತ್ರ್ಯ, ನೆರೆಯವರ ಹಿತ, ಕಡೆಗೆ ಮರಣ ಇವೆಲ್ಲವೂ ಕೂಡಿ ಬರುವ ವಿಷಯವನ್ನು ವಿಶ್ವಾಸಿಯಾದವನು ಅಷ್ಟು ಹಗುರವಾಗಿ ಕಾಣಲಾಗದು.

ವೇಗಪ್ರಿಯರ ಆ ಹಳೆಯ ಗಾಡಿ

ಕನ್ನಡ ನಾಡಿಗೆ ಈ ಹವ್ಯಾಸ ಹೊರಗಿನದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ ಮತ್ತು ಯೆಜ್ಡಿ ಬೈಕುಗಳನ್ನು ತಯಾರಿಸಿತು. ಕಾರ್ಖಾನೆ ಮುಚ್ಚಿ ಇಷ್ಟು ಕಾಲವಾದರೂ ಅವುಗಳನ್ನು ಮಕ್ಕಳಂತೆ ಸಾಕಿಕೊಂಡು ಬಂದವರು ನಮ್ಮ ನಡುವೆ ಇದ್ದಾರೆ. ಆದರೆ ವೇಗವನ್ನು ಬಯಸುವವರ ಮನಸ್ಸು ನೆಲೆಸಿರುವುದು ಬೇರೊಂದು ಗಾಡಿಯಲ್ಲಿ: ಜನರು ಆರ್‌ಡಿ ಎಂದೇ ಕರೆಯುವ ರಾಜದೂತ್ 350.

ಯಮಾಹಾ ಕಂಪನಿ 1973ರಲ್ಲಿ ಹೊರತಂದ ಆರ್‌ಡಿ 350ರ ಮಾದರಿಯಲ್ಲಿ ಎಸ್ಕಾರ್ಟ್ಸ್ ಸಂಸ್ಥೆಯು 1983ರಿಂದ ಆ ದಶಕದ ಕೊನೆಯವರೆಗೂ ಇದನ್ನು ಭಾರತದಲ್ಲಿ ತಯಾರಿಸಿತು. ಎರಡು ಸಿಲಿಂಡರ್, 347 ಸಿಸಿ, ಆರು ಗೇರು. ಜಪಾನಿನ ಮೂಲ ಗಾಡಿಗೆ ಸುಮಾರು 39 ಅಶ್ವಶಕ್ತಿಯಿದ್ದರೆ, ಪೆಟ್ರೋಲಿನ ಉಳಿತಾಯವನ್ನು ಬಯಸುವ ನಮ್ಮ ಜನರಿಗಾಗಿ ಅದನ್ನು 30.5ಕ್ಕೆ, ಮುಂದೆ 27ಕ್ಕೆ ಇಳಿಸಲಾಯಿತು. ಮೂಲ ಗಾಡಿಯ ಮುಂಚಕ್ರಕ್ಕಿದ್ದ ಡಿಸ್ಕ್ ಬ್ರೇಕಿನ ಬದಲಿಗೆ ಡ್ರಮ್ ಬ್ರೇಕು ಬಂದಿತು. ಅಂದರೆ, ತಗ್ಗಿಸಿದ ಮೇಲೂ ಅಂದಿನ ನಮ್ಮ ರಸ್ತೆಗಳಿಗೆ ಮಿತಿಮೀರಿದ ವೇಗ ಅದರಲ್ಲಿತ್ತು. ಆ ವೇಗವನ್ನು ಹಿಡಿದು ನಿಲ್ಲಿಸುವ ಬಲ ಮಾತ್ರ ಕುಂದಿತ್ತು.

ತಂದೆ ಮಗನ ವ್ಯಾಜ್ಯ

ಇಂಥದೊಂದು ಗಾಡಿ ನಮ್ಮ ಧರ್ಮಕೇಂದ್ರದ ಮನೆಯೊಂದರ ಹಿತ್ತಿಲಿನಲ್ಲಿ ಗೋಣಿತಾಟಿನ ಕೆಳಗೆ ಬಹುಕಾಲ ಬಿದ್ದಿತ್ತು. ಅದರ ಒಡೆಯನಾಗಿದ್ದ ತರುಣ ಮಳೆಯ ರಾತ್ರಿಯೊಂದರಲ್ಲಿ, ತಲೆಗೆ ಹೆಲ್ಮೆಟ್ ಇಲ್ಲದೆ, ತಿರುವಿನಲ್ಲಿ ಬ್ರೇಕು ಹಿಡಿಯದೆ ಪ್ರಾಣ ಕಳೆದುಕೊಂಡವನು. ಈಗ ಅವನ ಅಣ್ಣನ ಮಗ ಅದನ್ನು ಮತ್ತೆ ಕಟ್ಟಲು ಹೊರಟನು. ತಂದೆ ಗುರುಮನೆಗೆ ಬಂದು, “ಸ್ವಾಮಿ, ನನ್ನ ತಮ್ಮನನ್ನು ನುಂಗಿದ ಗಾಡಿ ಅದು. ಅವನು ಬಂದು ಕೇಳಿದರೆ ದಯವಿಟ್ಟು ತೀರ್ಥ ಹಾಕಬೇಡಿ” ಎಂದು ಬೇಡಿಕೊಂಡರು. ವಾರದೊಳಗೆ ಮಗನೂ ಬಂದನು: “ಸ್ವಾಮಿ, ಅದು ಆ ಗಾಡಿಯೇ ಅಲ್ಲ. ಎಲ್ಲವನ್ನೂ ಬದಲಾಯಿಸಿದ್ದೇನೆ. ಚಿಕ್ಕಪ್ಪನ ನೆನಪಿಗೆ ಉಳಿದಿರುವುದು ಚಾಸಿಯೊಂದೇ.”

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದಿದವರೆಲ್ಲರಿಗೂ ಪರಿಚಿತವಾದ ಒಗಟೊಂದಿದೆ. ಥೀಸಿಯಸ್ ವೀರನ ಹಡಗನ್ನು ಅಥೆನ್ಸಿನ ಜನರು ಕಾಪಾಡುತ್ತಾ, ಕೊಳೆತ ಹಲಗೆಗಳನ್ನು ಒಂದೊಂದಾಗಿ ಬದಲಾಯಿಸುತ್ತಾ ಬಂದರೆಂದು ಪ್ಲೂಟಾರ್ಕನು ಬರೆದಿದ್ದಾನೆ. ಹಲಗೆಗಳೆಲ್ಲ ಬದಲಾದ ಮೇಲೂ ಅದು ಅದೇ ಹಡಗೇ? ಈ ಪ್ರಶ್ನೆ ನಮ್ಮ ಧರ್ಮಕೇಂದ್ರದ ಮನೆಯೊಂದನ್ನು ಒಡೆಯಬಹುದೆಂದು ನಾವು ಅಂದು ಎಣಿಸಿರಲಿಲ್ಲ.

ಸಾರಿಗೆ ಕಛೇರಿಗೆ ಇದರ ಉತ್ತರ ಸರಳ: ಚಾಸಿಯ ಮೇಲೆ ಕೊರೆದ ಸಂಖ್ಯೆ ಯಾವುದೋ ಗಾಡಿ ಅದೇ. ಈ ಉತ್ತರ ನಮಗೂ ಪ್ರಿಯವಾಯಿತು. ದೀಕ್ಷಾಸ್ನಾನವು ಆತ್ಮದ ಮೇಲೆ ಅಳಿಸಲಾಗದ ಮುದ್ರೆಯನ್ನು ಒತ್ತುತ್ತದೆಂದು ಧರ್ಮಸಭೆ ಬೋಧಿಸುತ್ತದೆ. ಮನುಷ್ಯ ಎಷ್ಟು ಕೆಟ್ಟರೂ, ಎಷ್ಟು ಸುಧಾರಿಸಿದರೂ ಆ ಮುದ್ರೆ ಮಾಸದು. ಅವನು ಹೊಸಬನಾಗುತ್ತಾನೆ, ಬೇರೊಬ್ಬನಾಗುವುದಿಲ್ಲ. ಹಾಗಾದರೆ ಗಾಡಿ ಅದೇ ಎನ್ನುವ ತಂದೆಯ ಮಾತು ನಿಜ. ಆದರೆ ಗಾಡಿಯೇ ಕೊಂದಿತೆನ್ನುವ ಮಾತು ನಿಜವಲ್ಲ. ಪಾಪಕ್ಕೆ ಇಚ್ಛೆ ಬೇಕು, ಕಬ್ಬಿಣಕ್ಕೆ ಇಚ್ಛೆಯಿಲ್ಲ.

ಒಂದು ಅಂಗ ಬದಲಾದರೆ

ನಾವು ಆ ಯುವಕನ ಶೆಡ್ಡಿಗೆ ಹೋಗಿ ನೋಡಿದೆವು. ಕೆಲಸ ಶ್ರದ್ಧೆಯದಾಗಿತ್ತು. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಮೊದಲು ಕ್ರ್ಯಾಂಕ್ ಇರುವ ಗೂಡಿಗೆ ಬಂದು, ಅಲ್ಲಿಂದ ಸಿಲಿಂಡರಿಗೆ ಏರುತ್ತದೆ. ಆದುದರಿಂದ ಕ್ರ್ಯಾಂಕಿನ ತುದಿಯ ಆಯಿಲ್ ಸೀಲ್ ಸವೆದರೆ ಹೊರಗಿನ ಗಾಳಿ ಒಳನುಗ್ಗಿ, ಮಿಶ್ರಣ ತೆಳುವಾಗಿ, ಕಾವು ಏರಿ, ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಓಡುತ್ತಿರುವ ಗಾಡಿಯ ಹಿಂಚಕ್ರ ಥಟ್ಟನೆ ನಿಂತುಬಿಡುತ್ತದೆ. ಆತನು ಸೀಲು, ಬೇರಿಂಗು, ಕನೆಕ್ಟಿಂಗ್ ರಾಡುಗಳನ್ನು ಬದಲಾಯಿಸಿ, ಕ್ರ್ಯಾಂಕನ್ನು ನೇರಗೊಳಿಸಿ, ಸಿಲಿಂಡರಿಗೆ ಬೋರು ಹಾಕಿಸಿ ದಪ್ಪ ಪಿಸ್ಟನ್ ಕೂಡಿಸಿದ್ದನು. ಗಾಡಿಯ ತಯಾರಿಕೆ ನಿಂತು ದಶಕಗಳಾದುದರಿಂದ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನೂ ಗುಜರಿಗಳನ್ನೂ ಅಲೆದು, ಸಿಗದುದನ್ನು ಹೊರದೇಶದಿಂದ ತರಿಸಿದ್ದನು. ಶ್ರಮದ ಮೌಲ್ಯವಿರುವುದು ಮುಖ್ಯವಾಗಿ ಶ್ರಮಿಸುವ ವ್ಯಕ್ತಿಯಲ್ಲಿ ಎಂದು ಸಂತ ಎರಡನೇ ಜಾನ್ ಪಾಲರು 1981ರ ತಮ್ಮ ವಿಶ್ವಪತ್ರದಲ್ಲಿ ಬೋಧಿಸಿದುದು ಆ ಎಣ್ಣೆಗೈಗಳನ್ನು ಕಂಡಾಗ ನಮಗೆ ಇನ್ನಷ್ಟು ಸ್ಪಷ್ಟವಾಯಿತು.

ಆದರೆ ಸೈಲೆನ್ಸರಿನ ಜಾಗದಲ್ಲಿ ಹೊಟ್ಟೆಯುಬ್ಬಿದ ಎರಡು ಕೊಳವೆಗಳಿದ್ದವು. ಎಕ್ಸ್‌ಪಾನ್ಶನ್ ಚೇಂಬರ್ ಎಂದು ಇವುಗಳ ಹೆಸರು. ಹೊರಹೋಗುವ ಹೊಗೆಯ ಒತ್ತಡದ ಅಲೆ ಅಲ್ಲಿ ತಿರುಗಿ ಬಂದು, ಸೋರಿಹೋಗಲಿದ್ದ ಹೊಸ ಮಿಶ್ರಣವನ್ನು ಸಿಲಿಂಡರಿಗೆ ಮರಳಿ ತಳ್ಳುತ್ತದೆ. ಶಕ್ತಿ ಒಮ್ಮೆಲೇ ಉಕ್ಕುತ್ತದೆ. ಇವನ್ನು ಹಾಕಿದರೆ ಕಾರ್ಬುರೇಟರಿನ ಜೆಟ್ಟುಗಳನ್ನು ಅದಕ್ಕೆ ಹೊಂದಿಸಲೇಬೇಕು. ಇಲ್ಲವಾದರೆ ಮಿಶ್ರಣ ತೆಳುವಾಗಿ ಮತ್ತೆ ಅದೇ ಕಾವು, ಅದೇ ಕೇಡು. ಶಕ್ತಿ ಹೆಚ್ಚಿದ ಮೇಲೆ ಬ್ರೇಕು, ಟೈರು, ಸಸ್ಪೆನ್ಶನ್ನುಗಳೂ ಅದಕ್ಕೆ ತಕ್ಕಂತಿರಬೇಕು. ದೇಹವೊಂದೇ, ಅಂಗಗಳು ಹಲವು ಎಂಬ ಸಂತ ಪೌಲರ ಬೋಧನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಎಲ್ಲಿದೆ? ಆ ಗಾಡಿಯ ಮುಂಚಕ್ರದಲ್ಲಿದ್ದುದು ಚಿಕ್ಕಪ್ಪನ ಕಾಲದ ಅದೇ ಡ್ರಮ್ ಬ್ರೇಕು. ಎಲ್ಲವನ್ನೂ ಬದಲಾಯಿಸಿದವನು ಸಾವಿಗೆ ಕಾರಣವಾದುದನ್ನೇ ಉಳಿಸಿಕೊಂಡಿದ್ದನು!

ಕಾನೂನು ಮತ್ತು ನೆರೆಯವರು

ವಾಹನಗಳನ್ನು ಆಶೀರ್ವದಿಸುವ ವಿಧಿ ಧರ್ಮಸಭೆಯ 1984ರ ಆಶೀರ್ವಾದಗಳ ಗ್ರಂಥದಲ್ಲಿದೆ. ಆದರೆ ಅದು ಮಂತ್ರಕವಚವಲ್ಲ. ವಾಹನವನ್ನು ಬಳಸುವವರಿಗಾಗಿ ಸಲ್ಲಿಸುವ ಪ್ರಾರ್ಥನೆ. ರಸ್ತೆಯ ಪಾಲನಾಸೇವೆ ಕುರಿತು ವ್ಯಾಟಿಕನ್ 2007ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಚಾಲಕರಿಗೆ ಹತ್ತು ಆಜ್ಞೆಗಳಿವೆ. ಮೊದಲನೆಯದೇ ಕೊಲೆಯ ನಿಷೇಧ. ವೇಗದ ಹುಚ್ಚಿನಿಂದ ತನ್ನ ಅಥವಾ ಪರರ ಪ್ರಾಣವನ್ನು ಒತ್ತೆಯಿಡುವುದು ಐದನೆಯ ಕಟ್ಟಳೆಗೆ ಸಂಬಂಧಿಸಿದ ವಿಷಯವೆಂಬುದನ್ನು ನಮ್ಮ ಯುವಕರು ಪಾಪನಿವೇದನೆಯ ಸಮಯದಲ್ಲಿಯೂ ನೆನೆಯಬೇಕು.

ದೇಶದ ಕಾನೂನೂ ಮೌನವಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ವಿಧಿಯು ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗಿನ ಸೆರೆವಾಸ, ಅಥವಾ ಎರಡೂ ಎಂದು 2019ರ ತಿದ್ದುಪಡಿ ವಿಧಿಸಿದೆ. ಅಪ್ರಾಪ್ತ ವಯಸ್ಸಿನ ಮಗನ ಕೈಗೆ ಬೈಕು ಕೊಟ್ಟು ಅಪರಾಧ ನಡೆದರೆ ಹೆತ್ತವರಿಗೇ 25,000 ರೂಪಾಯಿ ದಂಡ ಮತ್ತು 3 ವರ್ಷಗಳವರೆಗಿನ ಸೆರೆವಾಸವಿದೆ. ಇನ್ನು ಸದ್ದಿನ ಮಾತು. ನಡುರಾತ್ರಿ ಕೇರಿಯಲ್ಲಿ ಅಬ್ಬರಿಸುವ ಬೈಕಿನಿಂದ ಬೆಚ್ಚಿ ಏಳುವ ಹಸುಗೂಸು, ರೋಗಿ, ಪರೀಕ್ಷೆಗೆ ಓದುವ ಹುಡುಗಿ ಇವರೂ ನಮ್ಮ ನೆರೆಯವರೇ ಅಲ್ಲವೇ?

ನಾವು ಆ ಯುವಕನಿಗೆ ಮೂರು ಮಾತು ಹೇಳಿದೆವು. ಮೃತನ ಹೆಸರಿನಲ್ಲಿದ್ದ ನೋಂದಣಿಯನ್ನು ವರ್ಗಾಯಿಸಿ ನವೀಕರಿಸಬೇಕು. ಸದ್ದಿನ ಕೊಳವೆ ತೆಗೆದು ಮೂಲ ಮಾದರಿಯ ಸೈಲೆನ್ಸರ್ ಹಾಕಬೇಕು. ಸಾರಿಗೆ ಕಛೇರಿಯಲ್ಲಿ ವಿಚಾರಿಸಿಕೊಂಡು ಮೊದಲು ಬ್ರೇಕನ್ನು ಸರಿಪಡಿಸಬೇಕು. “ಆಶೀರ್ವಾದ ಆಮೇಲೆ ಕೇಳು, ಮಗೂ” ಎಂದೆವು. ಅವನ ಮುಖ ಬಾಡಿತು. ತಂದೆಗೂ ನಮ್ಮ ಮಾತು ಪೂರ್ತಿ ಹಿಡಿಸಲಿಲ್ಲ. ಆದರೆ ಕೆಲವು ತಿಂಗಳುಗಳ ನಂತರ ಡಿಸ್ಕ್ ಬ್ರೇಕಿನ ಬಿಡಿಭಾಗಗಳು ಬಂದಾಗ, ಶೆಡ್ಡಿನಲ್ಲಿ ದೀಪ ಹಿಡಿದು ನಿಂತವರು ಆ ತಂದೆಯೇ. ಅವರು ಇಂದಿಗೂ ಆ ಗಾಡಿಯನ್ನು ಏರಿಲ್ಲ. ಆಶೀರ್ವಾದದ ದಿನ ಮಗನ ಕೈಗೆ ಹೆಲ್ಮೆಟ್ ಕೊಟ್ಟು ಒಳಗೆ ಹೋದರು.

ಜಗದ್ಗುರು ಫ್ರಾನ್ಸಿಸರಿಗೆ 2013ರಲ್ಲಿ ಹಾರ್ಲೆ ಡೇವಿಡ್ಸನ್ ಬೈಕೊಂದು ಕಾಣಿಕೆಯಾಗಿ ಬಂದಿತ್ತು. ಅವರು ಅದನ್ನು ಹರಾಜಿಗೆ ಕೊಟ್ಟರು. 2014ರಲ್ಲಿ ಪ್ಯಾರಿಸ್ಸಿನಲ್ಲಿ ಅದು 2 ಲಕ್ಷ ಯೂರೊಗೂ ಅಧಿಕ ಬೆಲೆಗೆ ಮಾರಾಟವಾಗಿ, ಹಣ ರೋಮಿನ ಬಡವರ ಸೇವೆಗೆ ಸಂದಿತು. ಎಲ್ಲರೂ ಮಾರಬೇಕೆಂದಲ್ಲ, ಆದರೆ ಬೈಕಿಗೆ ಸುರಿಯುವ ಹಣದಲ್ಲಿ ಮನೆಯ ಅಗತ್ಯಕ್ಕೂ ಬಡವನಿಗೂ ಪಾಲಿದೆಯೆಂಬುದನ್ನು ಮರೆಯಬಾರದು.

ಪ್ರಿಯ ಹೆತ್ತವರೇ, ಮಗನ ಶೆಡ್ಡಿನ ಬಾಗಿಲನ್ನು ಬೈಗುಳದಿಂದ ಮುಚ್ಚಬೇಡಿರಿ. ಒಳಹೊಕ್ಕು, ಇದೇನು, ಅದೇನು ಎಂದು ಕೇಳಿರಿ, ಬ್ರೇಕಿನ ಖರ್ಚಿಗೆ ನಿಮ್ಮ ಕಾಣಿಕೆಯನ್ನೂ ಸೇರಿಸಿರಿ. ಪ್ರಿಯ ಯುವಜನರೇ, ಮುಂದಿನ ಬಿಡಿಭಾಗಕ್ಕೆ ಹಣ ಕೂಡಿಡುವ ಮುನ್ನ ನಿಮ್ಮ ಹೆಲ್ಮೆಟ್ಟನ್ನೂ ಬ್ರೇಕನ್ನೂ ಒಮ್ಮೆ ಪರೀಕ್ಷಿಸಿರಿ. ಸಂಜೆ ನಿಮ್ಮ ಗಾಡಿಯ ಸದ್ದು ಬಾಗಿಲಿಗೆ ಬಂದು ನಿಲ್ಲುವವರೆಗೂ ಜಪಮಾಲೆ ಹಿಡಿದು ಕುಳಿತಿರುವ ತಾಯಿಯೊಬ್ಬಳು ಮನೆಯಲ್ಲಿದ್ದಾಳೆ. ದೇವರು ನಿಮ್ಮ ಹೋಗು ಬರವನ್ನು ಕಾಯಲಿ.