ಹಳೇ ಹಾಸ್ಯ ಧಾರಾವಾಹಿಯ ಡಿವಿಡಿ: ಪೆಟ್ಟಿಗೆಯೊಳಗಿನ ವಿಜ್ಞಾನ

ವಿದ್ಯಾರ್ಥಿಗಳೇ, ಮನೆಯಲ್ಲಿ ಟಿ.ವಿ. ಇಟ್ಟಿರುವ ಸ್ಟ್ಯಾಂಡಿನ ಕೆಳಗಿನ ಬಾಗಿಲನ್ನು ಒಮ್ಮೆ ತೆಗೆದು ನೋಡಿ. ಅಲ್ಲಿ ಏನೂ ಇಲ್ಲದಿದ್ದರೆ ಅಜ್ಜಿ ಮನೆಯ ಅಟ್ಟದಲ್ಲಿ ಹುಡುಕಿ. ಇಟ್ಟಿಗೆಯಂಥ ಕಪ್ಪು ವಿಡಿಯೊ ಕ್ಯಾಸೆಟ್ಟುಗಳು, ಗೀರು ಬಿದ್ದ ಡಿವಿಡಿಗಳು ಸಿಕ್ಕರೂ ಸಿಗಬಹುದು. ಇವನ್ನೆಲ್ಲ ಗುಜರಿಗೆ ಹಾಕುವವರೇ ಹೆಚ್ಚು. ಆದರೆ ಹಳೇ ಟಿ.ವಿ. ಹಾಸ್ಯ ಧಾರಾವಾಹಿಗಳ ಡಿವಿಡಿ ಸೆಟ್ಟುಗಳನ್ನು ಹುಡುಕಿ ಹುಡುಕಿ ಕೂಡಿಡುವವರೂ ಇದ್ದಾರೆ. ಅಂಥ ಸೆಟ್ಟಿನ ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ‘ರಿಸ್ಟೋರ್ ಮಾಡಿದ್ದು’ ಅಂತ ಬರೆದಿರುತ್ತದೆ. ಹಾಳಾದ ಚಿತ್ರವನ್ನೂ ಧ್ವನಿಯನ್ನೂ ಆದಷ್ಟು ಮೊದಲಿನ ಸ್ಥಿತಿಗೆ ತಂದಿದ್ದೇವೆ ಎಂದು ಅದರ ಅರ್ಥ. ತರುವುದು ಹೇಗೆ? ಎಲ್ಲವನ್ನೂ ತರಲು ಆಗುತ್ತದೆಯೇ? ಇದರ ಉತ್ತರ ನಿಮ್ಮ ವಿಜ್ಞಾನ ಪುಸ್ತಕದಲ್ಲೇ ಅರ್ಧ ಇದೆ.

ನಮಗೆ ಗೊತ್ತಿರುವ ಧಾರಾವಾಹಿಯಿಂದಲೇ ಶುರು ಮಾಡೋಣ. ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿ 1980ರ ದಶಕದಲ್ಲಿ ದೂರದರ್ಶನಕ್ಕೆ ಕೊಟ್ಟ ‘ಮಾಲ್ಗುಡಿ ಡೇಸ್’ ಹೆಸರು ನಿಮ್ಮಲ್ಲಿ ಬಹಳ ಮಂದಿ ಕೇಳಿರುತ್ತೀರಿ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಮಧ್ಯೆ ಮಧ್ಯೆ ಆರ್.ಕೆ. ಲಕ್ಷ್ಮಣ್ ಬಿಡಿಸಿದ ಚಿತ್ರಗಳು. ಹೊಟ್ಟೆ ಹಿಡಿದು ನಗಿಸುವ ಧಾರಾವಾಹಿ ಅಲ್ಲ, ತುಟಿಯಂಚಿನ ನಗು ಅದು. ಅದು ಡಿವಿಡಿ ಸೆಟ್ ಆಗಿಯೂ ಬಂತು. ರಮೇಶ್ ಭಟ್ ಅಭಿನಯದ ‘ಕ್ರೇಜಿ ಕರ್ನಲ್’ ನೆನೆಸಿಕೊಂಡು ಈಗಲೂ ನಗುವವರು ನಿಮ್ಮ ಅಪ್ಪ ಅಮ್ಮನ ವಯಸ್ಸಿನವರಲ್ಲಿ ಇದ್ದಾರೆ. ‘ಸಿಹಿ ಕಹಿ’ ಧಾರಾವಾಹಿಯ ಹೆಸರಂತೂ ಚಂದ್ರು ಅವರಿಗೆ ಶಾಶ್ವತವಾಗಿ ಅಂಟಿಕೊಂಡಿತು. ಆದರೆ ನೆನಪು ಗಟ್ಟಿಯಾಗಿದ್ದರೆ ಸಾಲದು. ಚಿತ್ರ ಯಾವುದಾದರೂ ಒಂದು ವಸ್ತುವಿನ ಮೇಲೆ ಉಳಿದಿರಬೇಕು. ಆ ವಸ್ತು ಯಾವುದು, ಅದನ್ನು ಎಂಥ ಗಾಳಿಯಲ್ಲಿ ಇಟ್ಟಿದ್ದರು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಇದಕ್ಕೆ ಹೊರದೇಶದ ಎರಡು ಹಾಸ್ಯ ಧಾರಾವಾಹಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಅಮೆರಿಕದ ‘ಐ ಲವ್ ಲೂಸಿ’ 1951ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ಆಗ ಹೆಚ್ಚಿನ ಕಾರ್ಯಕ್ರಮಗಳು ನೇರ ಪ್ರಸಾರ. ಆದರೆ ಲೂಸಿಯ ತಂಡದವರು ಪ್ರೇಕ್ಷಕರನ್ನು ಎದುರಿಗೆ ಕೂರಿಸಿಕೊಂಡು, ಸಿನಿಮಾಕ್ಕೆ ಬಳಸುವ 35 ಮಿ.ಮೀ. ಫಿಲ್ಮಿನಲ್ಲಿ, ಒಂದೇ ಸಲಕ್ಕೆ ಮೂರು ಕ್ಯಾಮೆರಾ ಇಟ್ಟು ಚಿತ್ರೀಕರಿಸಿದರು. ಅಂದಿನ ಟಿ.ವಿ. ಪರದೆ ತೋರಿಸಬಲ್ಲದ್ದಕ್ಕಿಂತ ಎಷ್ಟೋ ಹೆಚ್ಚು ವಿವರ ಆ ಫಿಲ್ಮಿನಲ್ಲಿ ಕೂತಿತ್ತು. ಆದ್ದರಿಂದ ಇಂದು ಅದೇ ಫಿಲ್ಮನ್ನು ಹೊಸ ಸ್ಕ್ಯಾನರಿಗೆ ಹಾಕಿದರೆ, 1951ರಲ್ಲಿ ಮನೆಯಲ್ಲಿ ಕೂತು ನೋಡಿದವರಿಗೂ ಕಾಣದ ಗೋಡೆ ಕಾಗದದ ಹೂವು ನಮಗೆ ಕಾಣುತ್ತದೆ.

ಇನ್ನೊಂದು ಬ್ರಿಟನ್ನಿನ ‘ಡ್ಯಾಡ್ಸ್ ಆರ್ಮಿ’, 1968ರಿಂದ 1977ರವರೆಗೆ ಬಿಬಿಸಿಯಲ್ಲಿ ಬಂದದ್ದು. ಅದನ್ನು ದಾಖಲಿಸಿದ್ದು ಕಾಂತೀಯ ಟೇಪಿನಲ್ಲಿ. ಟೇಪಿನ ಗುಣ ಗೊತ್ತಲ್ಲ, ಸ್ಲೇಟಿನ ಹಾಗೆ ಅಳಿಸಿ ಮತ್ತೆ ಬರೆಯಬಹುದು. ಆಗ ಟೇಪು ಬಹಳ ದುಬಾರಿ. ಹಾಗಾಗಿ ಅಳಿಸಿಯೇಬಿಟ್ಟರು. 1969ರ ಎರಡನೇ ಸರಣಿಯ ಮೂರು ಕಂತುಗಳ ಚಿತ್ರ ಇಂದಿಗೂ ಸಿಕ್ಕಿಲ್ಲ. ಅದೇ ಸರಣಿಯ ಇನ್ನೆರಡು ಕಂತುಗಳು 2001ರಲ್ಲಿ ಹಳೇ ಫಿಲ್ಮ್ ಪ್ರತಿಗಳಾಗಿ ಸಿಕ್ಕವು.

ಇದರಲ್ಲಿ ನನಗೆ ಬಹಳ ಇಷ್ಟವಾದದ್ದು ಮೂರನೇ ಸರಣಿಯ ಒಂದು ಕಂತಿನ ಸಂಗತಿ. ಅದನ್ನು ಬಣ್ಣದಲ್ಲಿ ತೆಗೆದಿದ್ದರು, ಬಣ್ಣದ ಟೇಪು ಅಳಿಸಿಹೋಯಿತು. ಉಳಿದದ್ದು ಕಪ್ಪು-ಬಿಳುಪು ಫಿಲ್ಮ್ ಪ್ರತಿ ಮಾತ್ರ. ಟಿ.ವಿ. ಪರದೆಯ ಎದುರು ಫಿಲ್ಮ್ ಕ್ಯಾಮೆರಾ ಇಟ್ಟು ಇಂಥ ಪ್ರತಿ ಮಾಡುತ್ತಿದ್ದರು. ಆ ಪ್ರತಿಯನ್ನು ಬಹಳ ಸೂಕ್ಷ್ಮವಾಗಿ ನೋಡಿದಾಗ ಚಿತ್ರದ ತುಂಬ ಸಣ್ಣ ಸಣ್ಣ ಚುಕ್ಕಿಗಳು ಕಂಡವು. ಏನದು? ಆಗಿನ ‘ಪಾಲ್’ ಟಿ.ವಿ. ಪದ್ಧತಿಯಲ್ಲಿ (ನಮ್ಮ ದೂರದರ್ಶನದ್ದೂ ಅದೇ ಪದ್ಧತಿ) ಬಣ್ಣದ ಮಾಹಿತಿಯನ್ನು ಸೆಕೆಂಡಿಗೆ ಸುಮಾರು 44 ಲಕ್ಷ ಸಲ ಕಂಪಿಸುವ ಒಂದು ತರಂಗದ ಮೇಲೆ ಹೊರಿಸಿ ಕಳಿಸುತ್ತಿದ್ದರು. ಕಪ್ಪು-ಬಿಳುಪು ಪರದೆ ಆ ತರಂಗವನ್ನು ಬಣ್ಣವಾಗಿ ತೋರಿಸಲಾರದು, ಚುಕ್ಕಿಗಳಾಗಿ ತೋರಿಸುತ್ತದೆ. ಚಿತ್ರಕ್ಕೆ ಕೊಳೆ ಅನ್ನಿಸುವ ಆ ಚುಕ್ಕಿಗಳೇ ಫಿಲ್ಮಿನ ಮೇಲೆ ಅಚ್ಚಾಗಿ ಕೂತಿದ್ದವು. ಅಂದರೆ ಬಣ್ಣ ಪೂರ್ತಿ ಹೋಗಿರಲಿಲ್ಲ, ಗುಪ್ತಲಿಪಿಯಾಗಿ ಉಳಿದಿತ್ತು. ಫಿಲ್ಮು ಅಲುಗಾಡಿ, ಪರದೆಯ ಬಾಗಿನಿಂದ ಚುಕ್ಕಿಗಳ ಸ್ಥಾನ ಏರುಪೇರಾಗಿತ್ತು. ಅದನ್ನು ಕಂಪ್ಯೂಟರಿನಲ್ಲಿ ಸರಿಪಡಿಸಿ, ತರಂಗವನ್ನು ಮತ್ತೆ ಓದಿ, ಬಣ್ಣ ಹೊರತೆಗೆದರು. 2008ರ ಡಿಸೆಂಬರ್‌ನಲ್ಲಿ ಆ ಕಂತು ಬಿಬಿಸಿಯಲ್ಲಿ ಬಣ್ಣದಲ್ಲಿ ಪ್ರಸಾರವಾಯಿತು. ಇದು ಊಹಿಸಿ ಬಳಿದ ಬಣ್ಣ ಅಲ್ಲ, ಆ ದಿನ ಕ್ಯಾಮೆರಾ ಕಂಡ ಬಣ್ಣ. ಆದರೆ ಕಳೆದುಹೋದ ಆ ಮೂರು ಕಂತುಗಳಿಗೆ ಇಂಥ ಯಾವ ವಿದ್ಯೆಯೂ ನಡೆಯದು. ದಾಖಲೆಯ ಸುಳಿವಾದರೂ ಎಲ್ಲೋ ಉಳಿದಿರಬೇಕು.

ಹಾಗಾದರೆ ಎಲ್ಲವನ್ನೂ ಫಿಲ್ಮಿನಲ್ಲೇ ತೆಗೆದಿದ್ದರೆ ಚಿಂತೆಯೇ ಇರಲಿಲ್ಲ ಅಲ್ವಾ? ಅಷ್ಟು ಸುಲಭ ಅಲ್ಲ. ಫಿಲ್ಮಿನ ವಿಚಾರ ನಮ್ಮ ನೀಲಗಿರಿಗೆ ಹತ್ತಿರದ್ದು. ಊಟಿಯ ಇಂದುನಗರದಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ ಇತ್ತು. 1960ರಲ್ಲಿ ಸ್ಥಾಪನೆ, 1967ರಲ್ಲಿ ಉತ್ಪಾದನೆ ಶುರು. ಅಲ್ಲಿ ತಯಾರಾದ ಫಿಲ್ಮಿನ ಹೆಸರು ‘ಇಂದು’, ಅಂದರೆ ಚಂದ್ರ. ಫಿಲ್ಮಿನಲ್ಲಿ ಬೆಳಕನ್ನು ಹಿಡಿಯುವುದು ಬೆಳ್ಳಿಯ ಲವಣಗಳು, ಹಾಗಾಗಿ ಹೆಸರು ಚೆನ್ನಾಗಿಯೇ ಹೊಂದುತ್ತದೆ. ಧೂಳು ಕಡಿಮೆ ಇರುವ ತಂಪು ಗಾಳಿ ಅಂಥ ಕೆಲಸಕ್ಕೆ ಬೇಕು. ಕಾರ್ಖಾನೆ ಈಗ ಮುಚ್ಚಿದೆ. ನಿಮ್ಮಲ್ಲಿ ಕೆಲವರ ತಾತ ಅಲ್ಲಿ ಕೆಲಸ ಮಾಡಿದವರೇ ಇರಬಹುದು, ಕೇಳಿ ನೋಡಿ.

ಸಿನಿಮಾ ಫಿಲ್ಮಿನ ಪಾರದರ್ಶಕ ಪಟ್ಟಿಯನ್ನು ಬಹುಕಾಲ ಸೆಲ್ಯುಲೋಸ್ ಟ್ರೈಅಸಿಟೇಟ್‌ನಿಂದ ಮಾಡುತ್ತಿದ್ದರು. ಇದೊಂದು ಎಸ್ಟರ್. ಹತ್ತನೇ ತರಗತಿಯವರು ಓದಿರುತ್ತೀರಿ, ಆಮ್ಲವೂ ಆಲ್ಕೋಹಾಲೂ ಸೇರಿದರೆ ಎಸ್ಟರ್ ಮತ್ತು ನೀರು. ಈ ಕ್ರಿಯೆ ಹಿಮ್ಮುಖವಾಗಿಯೂ ನಡೆಯುತ್ತದೆ. ಗಾಳಿಯ ತೇವ ಫಿಲ್ಮಿಗೆ ಸೇರಿದರೆ ಎಸ್ಟರ್ ಒಡೆದು ಅಸಿಟಿಕ್ ಆಮ್ಲ ಹೊರಬರುತ್ತದೆ. ಅಸಿಟಿಕ್ ಆಮ್ಲ ಅಂದರೆ ವಿನೆಗರ್ ತಾನೇ, ಡಬ್ಬಿ ತೆರೆದರೆ ಉಪ್ಪಿನಕಾಯಿಯ ಹುಳಿ ವಾಸನೆ. ಇದಕ್ಕೆ ‘ವಿನೆಗರ್ ಸಿಂಡ್ರೋಮ್’ ಅಂತಲೇ ಹೆಸರು. ಇನ್ನೂ ತೊಂದರೆ ಏನೆಂದರೆ, ಬಂದ ಆಮ್ಲವೇ ಮುಂದಿನ ಒಡೆತಕ್ಕೆ ವೇಗವರ್ಧಕ. ಹಾಗಾಗಿ ಹತ್ತಾರು ವರ್ಷ ಸುಮ್ಮನಿದ್ದ ಫಿಲ್ಮು ಒಮ್ಮೆ ವಾಸನೆ ಶುರುವಾಯಿತೆಂದರೆ ಬೇಗ ಬೇಗ ಕುಗ್ಗಿ, ಸುರುಳಿಯಾಗಿ, ಪುಡಿಯಾಗುತ್ತದೆ. ಅದೇ ಡಬ್ಬಿಯಲ್ಲಿರುವ ಒಳ್ಳೆಯ ಫಿಲ್ಮಿಗೂ ಆವಿ ತಾಗುತ್ತದೆ. ಫಿಲ್ಮ್ ಭಂಡಾರಗಳಲ್ಲಿ ಡಬ್ಬಿಯೊಳಗೆ ಸೂಚಕ ಕಾಗದದ ಪಟ್ಟಿ ಇಡುತ್ತಾರೆ. ಆಮ್ಲ ಹೆಚ್ಚಿದಂತೆ ಅದು ನೀಲಿಯಿಂದ ಹಸಿರಾಗಿ, ಆಮೇಲೆ ಹಳದಿಯಾಗುತ್ತದೆ. ನಮ್ಮ ಅರಿಶಿನದ ಕಾಗದ ಇಲ್ಲಿ ಕೆಲಸಕ್ಕೆ ಬಾರದು. ಯಾಕೆ ಎಂದು ನೀವೇ ಹೇಳಿ.

ಮನೆಯ ವಿಡಿಯೊ ಕ್ಯಾಸೆಟ್ಟಿಗೆ ಬರೋಣ. ಒಳಗಿನ ಟೇಪು ಪಾಲಿಯೆಸ್ಟರ್ ಪಟ್ಟಿ. ಅದು ಗಟ್ಟಿ. ಆದರೆ ಕಾಂತೀಯ ಕಣಗಳನ್ನು ಪಟ್ಟಿಗೆ ಅಂಟಿಸಿರುವ ಪಾಲಿಯುರಿಥೇನ್ ಅಂಟಿನಲ್ಲೂ ಎಸ್ಟರ್ ಬಂಧಗಳಿವೆ. ಮತ್ತೆ ಅದೇ ನೀರು, ಅದೇ ಒಡೆತ. ಅಂಟು ಜಿಗುಟಾಗಿ, ಪ್ಲೇಯರಿನ ಹೆಡ್ಡಿಗೆ ಕಣಗಳ ಸಮೇತ ಮೆತ್ತಿಕೊಳ್ಳುತ್ತದೆ.

ಈಗ ನಮ್ಮ ಜಿಲ್ಲೆಯ ನಕ್ಷೆ ನೆನಪು ಮಾಡಿಕೊಳ್ಳಿ. ಗೂಡಲೂರಿನಲ್ಲಿ ಜೂನ್ ಜುಲೈ ಬಂತೆಂದರೆ ಚಪ್ಪಲಿ, ಬೆಲ್ಟು, ಪುಸ್ತಕದ ಬೆನ್ನು ಎಲ್ಲಕ್ಕೂ ಬಿಳಿ ಬೂಷ್ಟು. ಕ್ಯಾಸೆಟ್ಟನ್ನೂ ಅದು ಬಿಡುವುದಿಲ್ಲ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಸುರುಳಿಯ ಅಂಚಿಗೆ ಹಿಟ್ಟು ಉದುರಿಸಿದ ಹಾಗೆ ಕಂಡರೆ ಅದು ಬೂಷ್ಟೇ. ಮಸಿನಗುಡಿ ಮಳೆನೆರಳಿನ ಕಡೆ, ಬೂಷ್ಟು ಕಡಿಮೆ, ಆದರೆ ಸೆಕೆ ಜಾಸ್ತಿ. ಸೆಕೆ ಹೆಚ್ಚಿದಷ್ಟೂ ರಾಸಾಯನಿಕ ಕ್ರಿಯೆ ಬಿರುಸು. ಊಟಿ ತಂಪು, ಅದು ಒಳ್ಳೆಯದೇ, ಮಂಜಿನ ತೇವ ಮಾತ್ರ ಬಿಡದು. ಒಟ್ಟಿನಲ್ಲಿ ಮೂರೂ ಊರಿಗೆ ಒಂದೊಂದು ಕಾಟ. ಹಾಗಂತ ಫ್ರಿಜ್ಜಿನಲ್ಲಿ ಇಡಬೇಡಿ. ಹೊರತೆಗೆದ ತಕ್ಷಣ ತಣ್ಣನೆಯ ಟೇಪಿನ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ.

ಇಷ್ಟೆಲ್ಲ ಗೊತ್ತಾದ ಮೇಲೆ ಡಿವಿಡಿ ಸೆಟ್ ಕೊಳ್ಳುವವರು ಏನು ನೋಡಬೇಕು? ಮೊದಲು, ಯಾವುದರಿಂದ ಮಾಡಿದ್ದು ಎಂಬುದು. ಮೂಲ ಫಿಲ್ಮಿನಿಂದಲೋ, ಪ್ರಸಾರದ ಟೇಪಿನಿಂದಲೋ, ಯಾರದೋ ಮನೆಯ ಕ್ಯಾಸೆಟ್ಟಿನಿಂದಲೋ? ಎರಡನೆಯದು, ಚಿತ್ರದ ಆಕಾರ. ಹಳೇ ಟಿ.ವಿ. ಚಿತ್ರದ ಅಗಲ-ಎತ್ತರ 4:3. ಇಂದಿನ ಪರದೆ 16:9. ಪರದೆ ತುಂಬಬೇಕು ಎಂದು ಕೆಲವರು ಮೇಲೂ ಕೆಳಗೂ ಕತ್ತರಿಸುತ್ತಾರೆ. ಎಷ್ಟು ಹೋಗುತ್ತದೆ? ಅಗಲ 4 ಎಂದು ಇಟ್ಟರೆ ಎತ್ತರ 3 ಇರಬೇಕಿತ್ತು, ಈಗ 2.25. ಕಾಲು ಭಾಗ ಕಾಣೆ! ಬಾಳೆಹಣ್ಣಿನ ಸಿಪ್ಪೆ ಮೇಲೆ ಕಾಲಿಟ್ಟು ಜಾರುವ ದೃಶ್ಯದಲ್ಲಿ ಕಾಲೇ ಇಲ್ಲದಿದ್ದರೆ ನಗುವುದು ಯಾವುದಕ್ಕೆ? ಇನ್ನೊಂದು ವಿಷಯ ವೇಗ. ಫಿಲ್ಮು ಸೆಕೆಂಡಿಗೆ 24 ಚಿತ್ರ, ಪಾಲ್ ಪದ್ಧತಿ 25. ಸಾಮಾನ್ಯವಾಗಿ ಫಿಲ್ಮನ್ನು 25ಕ್ಕೇ ಓಡಿಸಿಬಿಡುತ್ತಾರೆ. 25 ನಿಮಿಷದ ಕಂತು 24 ನಿಮಿಷಕ್ಕೆ ಮುಗಿಯುತ್ತದೆ, ಸರಿಪಡಿಸದಿದ್ದರೆ ದನಿಯೂ ತುಸು ಕೀರಲು. ಇನ್ನು, ‘ಸ್ವಚ್ಛ’ ಮಾಡುವ ಹುಮ್ಮಸ್ಸಿನಲ್ಲಿ ಫಿಲ್ಮಿನ ಸಹಜ ಕಣವಿನ್ಯಾಸವನ್ನೂ ಉಜ್ಜಿ ತೆಗೆದ ಸೆಟ್ಟುಗಳಿವೆ. ಮುಖಗಳು ಮೇಣದ ಗೊಂಬೆಯಂತೆ ಕಾಣುತ್ತವೆ. ಅದನ್ನು ರಿಸ್ಟೋರ್ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಡಿಸ್ಕಿನದೂ ಒಂದಷ್ಟು ತಿಳಿದಿರಿ. ಡಿವಿಡಿ ಎಂದರೆ 0.6 ಮಿ.ಮೀ. ದಪ್ಪದ ಎರಡು ಪಾಲಿಕಾರ್ಬೊನೇಟ್ ತಟ್ಟೆ, ನಡುವೆ ಹೊಳೆಯುವ ಲೋಹದ ಪದರ. ಆ ಪದರದಲ್ಲಿ ಸೂಕ್ಷ್ಮ ಗುಳಿಗಳ ಸಾಲು, ಸಾಲಿಂದ ಸಾಲಿಗೆ 0.74 ಮೈಕ್ರೋಮೀಟರ್ ಅಂತರ. ಸಿಡಿಯಲ್ಲಿ ಇದು 1.6. ಮನೆಯಲ್ಲೇ ಪರೀಕ್ಷಿಸಬಹುದು. ಕತ್ತಲೆ ಕೋಣೆಯಲ್ಲಿ ಒಂದು ಸಿಡಿ, ಒಂದು ಡಿವಿಡಿ ಪಕ್ಕಪಕ್ಕ ಹಿಡಿದು, ಬಿಳಿ ಟಾರ್ಚಿನ ಬೆಳಕು ನೇರವಾಗಿ ಬೀಳುವಂತೆ ಮಾಡಿ. ಹಸಿರು ಬಣ್ಣ ಸಿಡಿಯಲ್ಲಿ ಸುಮಾರು 20 ಡಿಗ್ರಿ ಕೋನದಲ್ಲಿ ಕಂಡರೆ, ಡಿವಿಡಿಯಲ್ಲಿ ಸುಮಾರು 48 ಡಿಗ್ರಿಯಲ್ಲಿ ಕಾಣುತ್ತದೆ. ಸಾಲು ಹತ್ತಿರವಾದಷ್ಟೂ ಬಣ್ಣ ಅಗಲಕ್ಕೆ ಹರಡುತ್ತದೆ. ಬಿಸಿಲನ್ನೋ ಲೇಸರನ್ನೋ ಬಳಸಬೇಡಿ, ಕಣ್ಣಿಗೆ ಅಪಾಯ.

ಕಂಪನಿಯಲ್ಲಿ ಅಚ್ಚು ಹಾಕಿದ ಡಿಸ್ಕಿನ ಅಡಿ ಬೆಳ್ಳಿಯಂತೆ ಇರುತ್ತದೆ. ಮನೆಯಲ್ಲೋ ಅಂಗಡಿಯಲ್ಲೋ ಬರೆದ ಡಿಸ್ಕಿನ ಅಡಿಯಲ್ಲಿ ಹೆಚ್ಚಾಗಿ ನೇರಳೆ ಛಾಯೆ. ಅದು ಸಾವಯವ ಬಣ್ಣದ ಪದರ, ಬಿಸಿಲಿಗೆ ಮಾಸುತ್ತದೆ. ರಸ್ತೆ ಬದಿಯಲ್ಲಿ ಅಗ್ಗಕ್ಕೆ ಸಿಗುವ ‘ಪೂರ್ತಿ ಸೆಟ್’ ಎಷ್ಟೋ ಸಲ ಈ ಜಾತಿಯದು.

ಮನೆಯ ಕ್ಯಾಸೆಟ್ಟುಗಳ ವಿಷಯಕ್ಕೆ ಆತುರ ಬೇಕು. ಅದಕ್ಕೆ ಕಾರಣ ಟೇಪು ಮಾತ್ರ ಅಲ್ಲ. ಜಪಾನಿನ ಫುನಾಯ್ ಕಂಪನಿ 2016ರಲ್ಲಿ ವಿಡಿಯೊ ಕ್ಯಾಸೆಟ್ ಪ್ಲೇಯರ್ ತಯಾರಿಕೆ ನಿಲ್ಲಿಸಿತು. ಈಗ ಇರುವ ಪ್ಲೇಯರುಗಳೆಲ್ಲ ಹಳೆಯವೇ, ರಿಪೇರಿ ಬಲ್ಲವರು ಕಡಿಮೆ. ಬ್ರಿಟನ್ನಿನ ‘ಸ್ಟೆಪ್ಟೋ ಅಂಡ್ ಸನ್’ ಹಾಸ್ಯ ಧಾರಾವಾಹಿಯ 1970ರ ದಶಕದ ಹಲವು ಕಂತುಗಳ ಅಧಿಕೃತ ಟೇಪು ಅಳಿಸಿಹೋಗಿ, ಅದನ್ನು ಬರೆದ ಲೇಖಕರ ಬಳಿ ಇದ್ದ ಕಪ್ಪು-ಬಿಳುಪು ಪ್ರತಿಗಳಿಂದ ಉಳಿದವು. ಆದ್ದರಿಂದ ಅಪ್ಪನೋ ಮಾವನೋ 1990ರ ಸುಮಾರಿಗೆ ಟಿ.ವಿ.ಯಿಂದ ರೆಕಾರ್ಡ್ ಮಾಡಿಟ್ಟ ಕನ್ನಡ ಧಾರಾವಾಹಿಯ ಕ್ಯಾಸೆಟ್ಟು ಇದ್ದರೆ ಅದರ ಮೇಲೆ ಬೇರೆ ಏನೂ ರೆಕಾರ್ಡ್ ಮಾಡಲು ಬಿಡಬೇಡಿ. ಕ್ಯಾಸೆಟ್ಟಿನ ಬೆನ್ನಿನ ಮೂಲೆಯಲ್ಲಿರುವ ಸಣ್ಣ ಪ್ಲಾಸ್ಟಿಕ್ ತುಂಡನ್ನು ಮುರಿದರೆ ಪ್ಲೇಯರು ಅದರ ಮೇಲೆ ಬರೆಯುವುದಿಲ್ಲ. ಬೂಷ್ಟು ಕಂಡರೆ ಓಡಿಸಲೇಬೇಡಿ, ಟೇಪೂ ಹೆಡ್ಡೂ ಎರಡೂ ಹಾಳಾಗುತ್ತವೆ. ಬೀಜಕಣ ಉಸಿರಿಗೆ ಹೋಗುತ್ತದೆ, ಆದ್ದರಿಂದ ಬೇರೆ ಚೀಲದಲ್ಲಿ ಕಟ್ಟಿ ದೊಡ್ಡವರ ಕೈಗೆ ಕೊಡಿ. ಚೆನ್ನಾಗಿರುವುದನ್ನು ನೆಟ್ಟಗೆ ನಿಲ್ಲಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ನೀಲಿ ಹರಳು ಗುಲಾಬಿಯಾದರೆ ತೇವ ಕುಡಿದಿದೆ ಎಂದು ಅರ್ಥ, ಬದಲಿಸಿ. ಅದರ ಬಣ್ಣಕ್ಕೆ ಕಾರಣ ಕೋಬಾಲ್ಟ್ ಕ್ಲೋರೈಡ್, ವಿಷ, ಬಾಯಿಗೆ ತಾಗಬಾರದು. ಆಮೇಲೆ ಪ್ಲೇಯರ್ ಇರುವ ಸ್ಟುಡಿಯೋದವರನ್ನು ವಿಚಾರಿಸಿ, ಕಂಪ್ಯೂಟರಿಗೆ ಪ್ರತಿ ಮಾಡಿಸಿ, ಎರಡು ಬೇರೆ ಬೇರೆ ಜಾಗದಲ್ಲಿ ಇಡಿ. ಈ ಕೆಲಸಕ್ಕೆ ಫೆಬ್ರವರಿ, ಮಾರ್ಚ್ ಸರಿಯಾದ ಸಮಯ. ಜೂನ್ ತಿಂಗಳ ಗಾಳಿ ತಾಗುವ ಮೊದಲು ಮುಗಿಸಿ.