ಎತ್ತರದ ಲೋಟ, ಅಗಲದ ಬಟ್ಟಲು

ಇಬ್ಬರು ಮಕ್ಕಳಿರುವ ಮನೆಯಲ್ಲಿ ಹಾಲು ಕುಡಿಯುವ ಹೊತ್ತಿಗೆ ಒಂದು ವ್ಯಾಜ್ಯ ಹುಟ್ಟುವುದುಂಟು. ಅಕ್ಕನಿಗೆ ಎತ್ತರದ ಲೋಟ, ತಮ್ಮನಿಗೆ ಅಗಲದ ಬಟ್ಟಲು. ಒಂದೇ ಅಳತೆಯ ಹಾಲನ್ನು ಕಣ್ಣೆದುರಿಗೇ ಸುರಿದುಕೊಟ್ಟರೂ ತಮ್ಮನ ದೂರು ತಪ್ಪದು: “ಅಮ್ಮಾ, ಅಕ್ಕನಿಗೇ ಜಾಸ್ತಿ ಹಾಕಿದ್ದೀಯ.” ಹಿರಿಯರು ಇದನ್ನು ಹಟವೆಂದು ಗದರಿಸುತ್ತಾರೆ. ಆದರೆ ಅದು ಹಟವಲ್ಲ. ಆ ವಯಸ್ಸಿನ ಬುದ್ಧಿಯ ಸಹಜ ರೀತಿ.

ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಝಾನ್ ಪಿಯಾಜೆ (1896–1980) ಇದನ್ನೇ ಪರೀಕ್ಷಿಸಿ ನೋಡಿದರು. ಒಂದೇ ಬಗೆಯ ಎರಡು ಪಾತ್ರೆಗಳಲ್ಲಿ ಸಮನಾಗಿ ನೀರು ತುಂಬಿ, ಒಂದರ ನೀರನ್ನು ಮಗುವಿನೆದುರೇ ಸಪೂರವಾದ ಎತ್ತರದ ಪಾತ್ರೆಗೆ ಸುರಿದು, ಯಾವುದರಲ್ಲಿ ಹೆಚ್ಚು ನೀರಿದೆಯೆಂದು ಕೇಳಿದರು. ಸುಮಾರು ಏಳು ವರ್ಷಕ್ಕಿಂತ ಚಿಕ್ಕ ಮಕ್ಕಳಲ್ಲಿ ಹೆಚ್ಚಿನವರು ಎತ್ತರದ ಪಾತ್ರೆಯನ್ನೇ ತೋರಿಸಿದರು. ನೀರಿನ ಮಟ್ಟವನ್ನು ಕಾಣುವ ಕಣ್ಣು ಪಾತ್ರೆಯ ಅಗಲವನ್ನು ಲೆಕ್ಕಕ್ಕೆ ಹಿಡಿಯದು.

ಇಂಥ ಮಗುವಿಗೆ ‘ಸಾವಿರ ಮಿಲಿಲೀಟರಿಗೆ ಒಂದು ಲೀಟರು’ ಎಂದು ಬಾಯಿಪಾಠ ಮಾಡಿಸಿದರೆ ಅದು ಮಗ್ಗಿಯಂತೆ ಒಪ್ಪಿಸೀತು. ಲೀಟರೆಂದರೆ ಎಷ್ಟೆಂದು ಮಾತ್ರ ಅರಿಯದು. ದ್ರವದ ಅಳತೆ ಮೊದಲು ಕೈಗೆ ತಿಳಿಯಬೇಕು, ಅನಂತರ ಬಾಯಿಗೆ ಬರಬೇಕು. ಇದಕ್ಕೆ ಬೇಕಾದ ಸಾಮಗ್ರಿ ಪ್ರತಿ ಮನೆಯಲ್ಲಿಯೂ ಇದೆ.

ಮೊದಲನೆಯದು, ಮಕ್ಕಳೇ ಮಾಡುವ ಅಳತೆಯ ಸೀಸೆ. ಲೀಟರಿಗಿಂತ ತುಸು ದೊಡ್ಡದಾದ ಒಂದು ಪಾರದರ್ಶಕ ಸೀಸೆಯನ್ನು ತೊಳೆದು, ಹೊರಮೈಗೆ ಉದ್ದುದ್ದವಾಗಿ ಒಂದು ಕಾಗದದ ಪಟ್ಟಿಯನ್ನು ಅಂಟಿಸಬೇಕು. ಔಷಧದ ಬುಡ್ಡಿಯೊಡನೆ ಬರುವ, ಗೆರೆ ಹಾಕಿದ 10 ಮಿಲಿಲೀಟರಿನ ಮುಚ್ಚಳದಿಂದ ಹತ್ತು ಸಲ ನೀರು ಹಾಕಿದರೆ 100 ಮಿಲಿಲೀಟರಾಯಿತು, ಅಲ್ಲೊಂದು ಗೆರೆ. ಹೀಗೆಯೇ ಸಾವಿರದವರೆಗೂ ಏರಬೇಕು. ಸೀಸೆ ಸಮತಟ್ಟಾದ ಮೇಜಿನ ಮೇಲಿರಬೇಕು. ಕಣ್ಣು ನೀರಿನ ಮಟ್ಟಕ್ಕೇ ಇಳಿಯಬೇಕು. ಗಾಜಿನ ಅಂಚಿನಲ್ಲಿ ನೀರು ತುಸು ಮೇಲೇರಿ ನಿಲ್ಲುವುದರಿಂದ ನಡುವಿನ ತಗ್ಗನ್ನೇ ಅಳತೆಯಾಗಿ ಹಿಡಿಯಬೇಕು. ಸೀಸೆಯ ಮೈ ಒಂದೇ ಸಮನಾಗಿರುವಲ್ಲಿ ಗೆರೆಗಳ ಅಂತರವೂ ಸಮ. ಕತ್ತು ಕಿರಿದಾಗುತ್ತ ಹೋದಂತೆ ಗೆರೆಗಳು ದೂರ ದೂರ. ತಮ್ಮನ ವ್ಯಾಜ್ಯಕ್ಕೆ ತೀರ್ಪು ಅಲ್ಲಿಯೇ ದೊರೆಯುತ್ತದೆ.

ಎರಡನೆಯದು ರಟ್ಟಿನ ಪೆಟ್ಟಿಗೆ. ಪ್ರತಿ ಬದಿಯೂ 10 ಸೆಂಟಿಮೀಟರಿರುವ ಐದು ಚೌಕಗಳನ್ನು ದಪ್ಪ ರಟ್ಟಿನಿಂದ ಕತ್ತರಿಸಿ, ಮೇಲ್ಭಾಗ ತೆರೆದಿರುವಂತೆ ಜೋಡಿಸಿ, ಒಳಗೆ ತೆಳ್ಳನೆಯ ಪ್ಲಾಸ್ಟಿಕ್ ಚೀಲವನ್ನು ಹಾಸಬೇಕು. ಪೆಟ್ಟಿಗೆಯನ್ನು ಹರಿವಾಣದಲ್ಲಿಟ್ಟು, ಬದಿಗಳು ಉಬ್ಬದಂತೆ ಒಬ್ಬರು ಹಿಡಿದುಕೊಂಡರೆ, ಸೀಸೆಯ ಒಂದು ಲೀಟರು ನೀರು ಅದರಲ್ಲಿ ಅಂಚಿನವರೆಗೆ ತುಂಬುತ್ತದೆ. ಆ ನೀರಿನ ತೂಕ ಹೆಚ್ಚುಕಡಿಮೆ ಒಂದು ಕಿಲೋಗ್ರಾಂ. ಉದ್ದ, ಗಾತ್ರ, ತೂಕ ಮೂರಕ್ಕೂ ಇರುವ ನಂಟು ಒಂದು ರಟ್ಟಿನ ಪೆಟ್ಟಿಗೆಯಿಂದ ಮನದಟ್ಟಾಗುತ್ತದೆ.

ಅಜ್ಜಿಯ ಕಾಲದ ಹಿತ್ತಾಳೆಯ ಪಾವು ಮನೆಯಲ್ಲಿದ್ದರೆ ಅದನ್ನೂ ಕೆಳಗಿಳಿಸಬೇಕು. ನಾಲ್ಕು ಪಾವಿಗೆ ಒಂದು ಸೇರು. ಆದರೆ ಸೇರು ಊರಿಂದೂರಿಗೆ ಬೇರೆಯಾಗುತ್ತಿತ್ತು. 1956ರ ಕಾಯಿದೆಯಿಂದ ದೇಶಕ್ಕೆಲ್ಲ ಮೆಟ್ರಿಕ್ ಅಳತೆ ಬಂದುದು ಈ ಗೊಂದಲವನ್ನು ನೀಗಲೆಂದೇ. ಮನೆಯ ಪಾವು ಎಷ್ಟು ಮಿಲಿಲೀಟರು ಹಿಡಿಯುತ್ತದೆಂದು ಮಕ್ಕಳೇ ಅಳೆದು ಬರೆದಿಡಲಿ.

ಇದೆಲ್ಲ ಬರಿಯ ಆಟವೆಂದು ತಾಯಂದಿರು ತಿಳಿಯಬಾರದು. ಬೇಧಿಯಾದಾಗ ಮನೆಯಲ್ಲಿ ಮಾಡಿಕೊಡುವ ಜೀವಜಲಕ್ಕೆ ಒಂದು ಲೀಟರು ಶುದ್ಧ ನೀರು, ತಲೆತಟ್ಟಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೇಕು. 1971ರಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನೋಬಿಸ್ ಅವರು ಇಂಥ ಸಕ್ಕರೆ-ಉಪ್ಪಿನ ದ್ರಾವಣವನ್ನು ಕುಡಿಸಿಯೇ ಅಸಂಖ್ಯ ಜೀವಗಳನ್ನು ಉಳಿಸಿದರು. ಆದರೆ ಅದರ ಗುಣವೆಲ್ಲ ಅಳತೆಯಲ್ಲಿದೆ. ನೀರು ಕಡಮೆಯಾದರೆ ಉಪ್ಪು ಮಿತಿಮೀರಿ ಮಗುವಿಗೆ ಕೇಡು. ಹೆಚ್ಚಾದರೆ ಸತ್ವ ಸಾಲದು. ಅಂಗಡಿಯ ಪೊಟ್ಟಣಕ್ಕೂ ಇದೇ ನಿಯಮ: ಅದರ ಮೇಲೆ ಅಚ್ಚಾದಷ್ಟೇ ನೀರು, ‘ಒಂದು ದೊಡ್ಡ ಲೋಟ’ವಲ್ಲ. ಕೆಮ್ಮಿನ ಔಷಧಕ್ಕಂತೂ ಅಡಿಗೆಮನೆಯ ಚಮಚವನ್ನು ನಂಬಲೇಬಾರದು. ಒಂದೊಂದು ಚಮಚ ಒಂದೊಂದು ಗಾತ್ರ. ಬುಡ್ಡಿಯೊಡನೆ ಬಂದ ಮುಚ್ಚಳವೇ ಅದಕ್ಕೆ ಪ್ರಮಾಣ.

ಗೆರೆ ಎಳೆದು ಸೀಸೆ ಸಿದ್ಧಪಡಿಸಿದ ಮಗು ಲೋಟದ ಎತ್ತರಕ್ಕೆ ಮೋಸಹೋಗದು. ನಾಳೆ ಸಂಸಾರ ಹೂಡಿ, ನಡುರಾತ್ರಿ ಬಳಲಿದ ಕೂಸಿಗೆ ನೀರು ಬೆರೆಸುವಾಗ ಅದರ ಕೈ ಅಂದಾಜಿಗೆ ಹೋಗದೆ ಗೆರೆಯನ್ನೇ ಹುಡುಕುತ್ತದೆ.