ಕಂಬಳದ ಕೋಣಕ್ಕೆ ಗೊರಸೇ ಆಧಾರ

ಬಂಟ್ವಾಳ: 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಮೂಡುಬಿದಿರೆ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದಾಗ ದೇಶವೆಲ್ಲ ಅವರ ಕಾಲುಗಳ ಬಗ್ಗೆ ಮಾತನಾಡಿತು. ಮುಂದೆ ಓಡಿದ ಕೋಣಗಳ ಎಂಟು ಕಾಲುಗಳ ಬಗ್ಗೆ ಮಾತು ಕಡಿಮೆಯೇ. ಮೂಡುಬಿದಿರೆ, ವೇಣೂರು, ಕಕ್ಯಪದವು ಕಂಬಳಗಳಿಗೆ ಕೋಣ ಕಟ್ಟುವ ಯಜಮಾನರಿಗಾದರೂ ಒಂದು ಕಾಲು ಕುಂಟಿದರೆ ಜೋಡಿಯೇ ಕರೆಗಿಳಿಯದು ಎಂಬುದು ಗೊತ್ತು.

ಕುದುರೆಗೆ ಇರುವುದು ಒಂಟಿ ಗೊರಸು. ಕೋಣದ ಗೊರಸು ಎರಡು ಸೀಳು. ಆ ಸೀಳಿನ ನಡುವಿನ ಮೆದು ಚರ್ಮವೇ ದುರ್ಬಲ ಜಾಗ. ನೀರಿನಲ್ಲಿ ನೆನೆದ ಗೊರಸು ಮೆತ್ತಗಾಗುತ್ತದೆ, ಸಣ್ಣ ಕಲ್ಲು ತಾಗಿದರೂ ಚರ್ಮ ಹರಿಯುತ್ತದೆ. ಸಗಣಿ, ಗಂಜಲ ನಿಂತ ಹಟ್ಟಿಯಲ್ಲಿ ಆ ಗಾಯಕ್ಕೆ ರೋಗಾಣು ಸೇರಿದರೆ ಬಾವು, ದುರ್ವಾಸನೆ, ಕುಂಟು. ಅಡಿಕೆ ತೋಟದ ಕೊಳೆರೋಗಕ್ಕೆ ಬಳಸುವ ಮೈಲುತುತ್ತವೇ ಇಲ್ಲಿಯೂ ನೆರವಿಗೆ ಬರುತ್ತದೆ. ಅದರ ಶೇ. 5ರ ದ್ರಾವಣದಲ್ಲಿ ತೊಳೆದ ಗೊರಸನ್ನು ಅದ್ದುವುದು ವಾಡಿಕೆ. ಕೋಣ ಅದನ್ನು ಕುಡಿಯದಂತೆ ನೋಡಿಕೊಳ್ಳಬೇಕು. ಬಾವು ಬಂದ ಮೇಲೆ ಪಶುವೈದ್ಯರೇ ಆಗಬೇಕು.

ಇದಕ್ಕಿಂತ ಮೋಸದ ಕಾಯಿಲೆ ಪ್ರೀತಿಯಿಂದಲೇ ಬರುತ್ತದೆ. ಕಂಬಳದ ಕೋಣಕ್ಕೆ ಬೇಯಿಸಿದ ಹುರುಳಿ ಕೊಡುವುದು ಹಳೆಯ ಪದ್ಧತಿ. ಆದರೆ ಹುಲ್ಲು ಕಡಿಮೆಯಾಗಿ ಧಾನ್ಯ ಏಕಾಏಕಿ ಹೆಚ್ಚಿದರೆ ಹೊಟ್ಟೆಯಲ್ಲಿ ಆಮ್ಲ ಏರಿ, ಗೊರಸಿನ ಒಳಪದರ ಉರಿಗೊಳ್ಳುತ್ತದೆ. ಹೊರಗೆ ಗಾಯವಿಲ್ಲ, ಗೊರಸು ಬಿಸಿ, ಕೋಣಕ್ಕೆ ಏಳಲು ಮನಸ್ಸಿಲ್ಲ. ಗೊರಸು ಬೆಳೆಯುವುದು ತಿಂಗಳಿಗೆ ಸುಮಾರು 5 ಮಿಲಿಮೀಟರ್ ಮಾತ್ರ. ಹಾಗಾಗಿ ಮಳೆಗಾಲದಲ್ಲಿ ಆದ ತಪ್ಪು ಕಂಬಳದ ಹೊತ್ತಿಗೂ ಗೊರಸಿನ ಮೇಲೆ ಅಡ್ಡಗೆರೆಯಾಗಿ ಉಳಿದಿರುತ್ತದೆ.

ಕಾಲುಬಾಯಿ ಜ್ವರದಲ್ಲೂ ಗೊರಸಿನ ಸೀಳಿನಲ್ಲಿ ಹುಣ್ಣಾಗುತ್ತದೆ. ಆರು ತಿಂಗಳಿಗೊಮ್ಮೆ ಸರ್ಕಾರ ಉಚಿತವಾಗಿ ಹಾಕುವ ಲಸಿಕೆ ತಪ್ಪಿಸುವಂತಿಲ್ಲ. ಹಲವು ಊರಿನ ಕೋಣಗಳು ಒಂದೆಡೆ ಸೇರುವ ಕಂಬಳಕ್ಕಂತೂ ಅದು ಅತ್ಯಗತ್ಯ.

ಕೆಸರಿನಲ್ಲಿ ಸಣ್ಣ ಕುಂಟು ಕಾಣುವುದಿಲ್ಲ. ಕರೆಗಿಳಿಸುವ ಮೊದಲು ಗಟ್ಟಿ ನೆಲದಲ್ಲಿ ನಿಧಾನಕ್ಕೆ ನಡೆಸಿ ನೋಡಬೇಕು. ನೋವಿನ ಮುಂಗಾಲು ಊರುವಾಗ ಕೋಣ ತಲೆ ಮೇಲೆತ್ತುತ್ತದೆ. ಬೆನ್ನು ಬಿಲ್ಲಿನಂತೆ ಬಾಗಿದ್ದರೂ ಅನುಮಾನಿಸಬೇಕು. ಕಂಬಳಕ್ಕೆ ದಾರಿ ತೆರೆದ ರಾಜ್ಯದ 2017ರ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2023ರ ಮೇ 18ರಂದು ಎತ್ತಿಹಿಡಿದಿದೆ. ಆದರೆ ಪ್ರಾಣಿಗೆ ಅನಗತ್ಯ ನೋವು ಕೊಡಲು ಅದು ಪರವಾನಗಿಯಲ್ಲ. ಬೆತ್ತದ ಪೆಟ್ಟು ಎಲ್ಲರಿಗೂ ಕಾಣುತ್ತದೆ. ನೋವು ಮರೆಸುವ ಚುಚ್ಚುಮದ್ದು ಕೊಟ್ಟು ಕುಂಟುವ ಕೋಣವನ್ನು ಓಡಿಸಿದರೆ ಕಾಣುವುದು ಯಜಮಾನನಿಗೆ ಮಾತ್ರ.